ಆರಾಮ ಅದೀನ್ರಿ

ಸೋಮವಾರದಿಂದ ವಿಶ್ವವಿದ್ಯಾಲಯ ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬರೆಯಲು ಕೂತ ತಬಸ್ಸುಮಳಿಗೆ ಕೊನೆಯ ಸಾಲಿನ ಹತ್ತಿರ ಬರುತ್ತಲೇ ಕೈ ಓಡದಾಯಿತು. ಸಾಲು ಕಷ್ಟದ್ದೇನಲ್ಲ. ಈ ಬೇನೆ ಶುರುವಾದಾಗಿನಿಂದ ಇಂಥ ಸಾಲು ಬರೆಯುವುದೇ ಅವಳ ಕೆಲಸವಾಗಿತ್ತು. ಗ್ರಂಥಾಲಯ ಮುಚ್ಚಿದೆ, ಪರೀಕ್ಷೆ ಮುಂದಕ್ಕೆ ಹೋಗಿದೆ, ಹುಡುಗಿಯರ ವಸತಿ ನಿಲಯದಲ್ಲಿ ಸೋಂಕಿತರು ಇರುವುದರಿಂದ ಆ ಕಡೆ ಯಾರೂ ಸುಳಿಯಬಾರದು, ಬೆಟಗೇರಿಯಿಂದ ಬರುವ ಬಸ್ಸು ಬರುವುದಿಲ್ಲ. ದಿನಾ ಸಂಜೆ ಎಲ್ಲರ ಮೊಬೈಲಿಗೆ ಹೋಗುವ ಈ ಸುದ್ದಿಗೆ ‘ಆವರಣ ವಾರ್ತೆ’ ಎಂದು ಹೆಸರು. ಓದುವವರು ಓದುತ್ತಿದ್ದರು, ಓದದವರು ಕೈ ಮುಗಿದ ಚಿತ್ರ ಹಾಕಿ ಪಾರಾಗುತ್ತಿದ್ದರು. ಎಲ್ಲ ವಾರ್ತೆಗೂ ಕೊನೆಯ ಸಾಲು ಒಂದೇ: ‘ನಮ್ಮ ಸಿಬ್ಬಂದಿ ಎಲ್ಲರೂ ಆರಾಮ ಇದ್ದಾರೆ.’ ಈ ಬೇಸಿಗೆಯ ನಡುವಿನಿಂದ ಆ ಸಾಲನ್ನು ಅವಳು ಬಿಟ್ಟುಬಿಟ್ಟಿದ್ದಳು, ಬಿಟ್ಟದ್ದನ್ನು ಯಾರೂ ಗಮನಿಸಿರಲಿಲ್ಲ. ಇವತ್ತು ಬೆಳಿಗ್ಗೆ ಕುಲಸಚಿವರು ಕರೆದು, ತೆರೆಯುವ ಮುಂಚೆ ಎಲ್ಲರಿಗೂ ಫೋನ್ ಮಾಡಿ, ಆರಾಮ ಇದ್ದಾರೋ, ಸೋಮವಾರ ಬರುತ್ತಾರೋ ಕೇಳಿಕೊಂಡು, ಆ ಸಾಲು ಹಾಕಿಯೇ ಕಳಿಸಿ ಅಂದರು. ಎಲ್ಲರಿಗೂ ಅಂದರೆ ಗ್ರಂಥಾಲಯದ ವಿಶಾಲನಿಗೂ.

ಆ ಶಬ್ದ ವಾರ್ತೆಯೊಳಗೆ ಬಂದದ್ದು ಅವಳಿಂದಲೇ. ಮೊದಲ ಸಲ ಬರೆದಾಗ ಮೈಸೂರು ಕಡೆಯವರಾದ ಕುಲಸಚಿವರು, “ಮೇಡಂ, ಎಲ್ರೂ ಆರಾಮಾಗಿದ್ದಾರೆ ಅಂತ ಹಾಕಿದ್ರೆ ಯಾರೂ ಕೆಲ್ಸ ಮಾಡ್ತಿಲ್ಲ ಅಂದ ಹಾಗಾಗುತ್ತೆ, ಕ್ಷೇಮ ಅಂತ ಬರೀರಿ” ಎಂದಿದ್ದರು. ಕ್ಷೇಮ ಎಂಬುದು ಕಾಗದದಲ್ಲಿ ಬರೆಯುವ ಮಾತು ಸರ್, ಬಾಯಲ್ಲಿ ಅನ್ನುವುದು ಆರಾಮ. ಜಡ್ಡಾದರೆ ಆರಾಮಿಲ್ಲ, ನೆಟ್ಟಗಾದರೆ ಆರಾಮಾಯಿತು, ನಮ್ಮ ಕಡೆ ಹೀಗೇ ಎಂದು ಅವಳು ಪಾಠ ಹೇಳುವ ಹುರುಪಿನಲ್ಲಿ ವಿವರಿಸಿದ್ದಳು. ಅವರು ನಕ್ಕು ಒಪ್ಪಿಕೊಂಡರು. ಆ ಸಂಜೆ ಅದನ್ನೇ ನೆನೆಸಿಕೊಂಡು ಅವಳಿಗೆ ಗೆದ್ದಂತೆ ಆಗಿತ್ತು. ಮನೆಯಲ್ಲಿ ಅಮ್ಮೀ ಮೋತಿಬಿ ಆಡುವ ಉರ್ದುವಿನಲ್ಲಿ ಆರಾಮ ಅಂದರೆ ಅಡ್ಡಾಗಿ ದಣಿವಾರಿಸಿಕೊಳ್ಳುವುದು, ಮೈಸೂರಿನಲ್ಲಿ ಕಾಲು ಚಾಚಿ ಕೂರುವುದು, ಗದಗಿನಲ್ಲಿ ಸುಮ್ಮನೆ ಬದುಕಿರುವುದು. ಕುಲಸಚಿವರಿಗೆ ಅವಳು ಹೇಳದೆ ಬಿಟ್ಟದ್ದು, ಅವತ್ತು ಅವಳಿಗೂ ಹೊಳೆಯದೆ ಇದ್ದದ್ದು ಇನ್ನೊಂದಿತ್ತು. ಈ ಕಡೆ ಆರಾಮ ಎಂಬುದು ಉತ್ತರವೇ ಅಲ್ಲ. ಮನೆಗೆ ಬಂದವರ ಮುಂದೆ ಇಡುವ ತಂಬಿಗೆ ನೀರಿನ ಹಾಗೆ ಅದು. ಯಾರು ಕೇಳಿದರೂ ಮೊದಲು ಅದನ್ನು ಇಡಬೇಕು. ಒಳಗೆ ಒಲೆ ಹೊತ್ತಿದೆಯೋ ಇಲ್ಲವೋ ಆಮೇಲಿನ ಮಾತು.

ಪುಂಡಲೀಕಪ್ಪ ಎದುರಿನ ಕುರ್ಚಿಯಲ್ಲಿ ಪೆನ್ನು ಹಿಡಿದು ತಯಾರಾಗಿ ಕೂತಿದ್ದ. ಕಚೇರಿಯ ಹಳೆಯ ಗುಮಾಸ್ತ, ನಿವೃತ್ತಿಗೆ ಹತ್ತಿರದವನು, ಮಾಸ್ಕನ್ನು ಗದ್ದಕ್ಕೆ ಹಾಕಿಕೊಳ್ಳುವವನು. ಫೋನಿನ ಸ್ಪೀಕರ್ ಹಚ್ಚಿ ಅವಳು ಮಾತಾಡಬೇಕು, ಇವನು ಕೇಳಿ ಬರೆದುಕೊಳ್ಳಬೇಕು. ಬೇಸಿಗೆಯಲ್ಲೂ ಇದೇ ಪದ್ಧತಿ ಇತ್ತು. ಒಬ್ಬರೇ ಮಾಡಿದರೆ ತಪ್ಪಾಗುತ್ತದೆ ಎಂದು ಮೇಲಿನವರು ಇಬ್ಬರನ್ನು ಕೂರಿಸಿದ್ದರು. ಇಬ್ಬರು ಕೂತದ್ದರಿಂದಲೇ ಆದ ತಪ್ಪು ಯಾವುದು ಎಂದು ತಬಸ್ಸುಮಳಿಗೆ ಗೊತ್ತಿತ್ತು. ಶಿರಹಟ್ಟಿಯ ಅಮೀನಬಿ ಮೊದಲು ಸಿಕ್ಕಳು, ಕಸ ಗುಡಿಸುವವಳು. “ಆರಾಮ ಅದೀನವ್ವಾ. ಜ್ವರಾ ಬಂದಿತ್ತು, ಹೋತು. ಕಣ್ಣ ಒಂಚೂರು ಮಂಜಾಗ್ಯಾವ, ಅಷ್ಟ. ನೀ ಆರಾಮ?” ಆರಾಮ ರೀ ಎಂದು ತಬಸ್ಸುಮ ಅಂದಳು, ಅನ್ನುತ್ತಲೇ ಅದು ತನ್ನ ನಾಲಿಗೆಯಿಂದಲೂ ಎಷ್ಟು ಸಲೀಸಾಗಿ ಜಾರಿತಲ್ಲ ಎಂದು ಬೇಸರವಾಯಿತು. ಆಮೇಲೆ ವಸತಿ ನಿಲಯದ ಅಡುಗೆಯ ಸಕ್ರಪ್ಪ.

“ಆರಾಮ ಅದೀವ್ರಿ ಮೇಡಮ್ಮಾರ. ಮನ್ಯಾಗೂ ಎಲ್ಲಾರೂ ಆರಾಮ. ನಮ್ಮವ್ವ ಒಬ್ಬಾಕಿ ಹೋದ್ಲು, ಅಷ್ಟ ನೋಡ್ರಿ.”

“ಯಾವಾಗ್ರಿ ಸಕ್ರಪ್ಪಾರ?”

“ಹ್ವಾದ ಅಮಾಸಿ ಮುಂದ. ಇರ್ಲಿ ಬಿಡ್ರಿ, ವಯಸ್ಸಾಗಿತ್ತು. ಸೋಮವಾರ ಬರ್ತೀನ್ರಿ. ಮನ್ಯಾಗ ಕುಂತ್ರ ಹೊತ್ತ ಹೋಗವಲ್ದು.”

ಪುಂಡಲೀಕಪ್ಪ ಆಗಲೇ ಆರಾಮ ಎಂದು ಬರೆದು ಮುಗಿಸಿದ್ದ. ಪೆನ್ನು ಎತ್ತಿ ಅವಳ ಮುಖ ನೋಡಿದ. “ಅಂವನ ಆರಾಮ ಅಂದಾನಲ್ರಿ, ನಾವೇನ್ ಮಾಡೋದೈತಿ? ನಮ್ಮ ಮಂದಿ ಹಿಂಗ ನೋಡ್ರಿ. ಕುಣಿಯೊಳಗ ಇಳಸೂ ಮುಂದನೂ ಕೇಳಿದ್ರ ಆರಾಮ ಅದೀನ್ರಿ ಅಂತಾರ.” ಅವಳು ನಗಲಿಲ್ಲ. ಅವನಿಗೂ ಏನೋ ನೆನಪಾಗಿರಬೇಕು, ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡು ಕಾಗದ ನೋಡತೊಡಗಿದ. ಅಡುಗೆಯವರು ಮುಗಿದರೆ ಗ್ರಂಥಾಲಯದವರು. ತಬಸ್ಸುಮ ಎದ್ದು ನಿಂತಳು. ಊಟ ಮುಗಿಸಿ ಮುಂದಿನದು ಮಾಡೋಣ ಅಂದಳು. ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಪುಂಡಲೀಕಪ್ಪ ಅದನ್ನು ಹೇಳಲಿಲ್ಲ.

ಬುತ್ತಿ ಹಿಡಿದು ಗ್ರಂಥಾಲಯದ ಪಡಸಾಲೆಗೆ ಬಂದು ಕೂತಳು. ಎದುರಿಗೆ ಕಪ್ಪತಗುಡ್ಡದ ಸಾಲು, ಗುಡ್ಡದ ಮೇಲೆ ಗಾಳಿಯಂತ್ರಗಳು, ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನಿದ್ದವು. ಒಂದೇ ಗಾಳಿಗೆ ಒಂದು ತಿರುಗಿ ಒಂದು ಯಾಕೆ ನಿಲ್ಲುತ್ತದೆ ಎಂದು ವಿಶಾಲ ಇಲ್ಲೇ ಕೂತು ಕೇಳಿದ್ದ, ಅವಳು ಏನೋ ಹಾರಿಕೆಯ ಉತ್ತರ ಕೊಟ್ಟಿದ್ದಳು. ಅವನು ಗ್ರಂಥಾಲಯದ ಸಹಾಯಕ, ಡಂಬಳದವನು, ಹೆಂಡತಿಯನ್ನು ಕಳೆದುಕೊಂಡವನು, ಅವ್ವ ಸಾವಂತ್ರೆವ್ವ ಕಟ್ಟಿಕೊಟ್ಟ ಬುತ್ತಿ ತರುವವನು. ಇಬ್ಬರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಡಬ್ಬಿ ಅದಲುಬದಲಾಗಿ ಅವನದನ್ನು ಅವಳು ತೆರೆದಿದ್ದಳು. ನಾಚಿಕೊಂಡು ಮುಚ್ಚಲು ಹೋದರೆ, ತೆರೆದಿದ್ದು ತೆರೆದಿರಿ ಉಣ್ಣಿರಿ ಅಂದಿದ್ದ. ಅಂದಿನಿಂದ ಅದೇ ರೂಢಿಯಾಯಿತು. ತನ್ನ ಬುತ್ತಿಯನ್ನು ತಾನು ಬಿಚ್ಚಬಾರದು, ಅವನದನ್ನು ಇವಳು, ಇವಳದನ್ನು ಅವನು. ವರ್ಷಗಟ್ಟಲೆ ಅವಳು ಉಂಡದ್ದು ಡಂಬಳದ ರೊಟ್ಟಿ, ಗುರೆಳ್ಳು ಚಟ್ನಿ. ಮಾಂಸದಡುಗೆಯ ದಿನವೂ ಮೋತಿಬಿ ಮಗಳ ಬುತ್ತಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಹುಳಿಸೊಪ್ಪಿನ ಪುಂಡಿಪಲ್ಯ ಮಾಡಿ ಕಟ್ಟುತ್ತಿದ್ದಳು. ಯಾರಿಗೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ತಬಸ್ಸುಮ ಏನು ಹೇಳುತ್ತಿದ್ದಳೋ. ಇಷ್ಟು ವರ್ಷ ಜೊತೆಗೆ ಉಂಡವರು ಒಬ್ಬರನ್ನೊಬ್ಬರು ಆರಾಮ ಅದೀರಿ ಎಂದು ಕೇಳಿದ್ದೇ ಇಲ್ಲ. ಅದು ಪರರನ್ನು ಕೇಳುವ ಮಾತು. ಅವನು ಕೇಳುತ್ತಿದ್ದುದು, “ಏನ ತಂದೀರಿ ಇವತ್ತ?” ಮುಖ ಬಾಡಿದ್ದರೆ, “ಯಾಕ್ರಿ, ಯಾರ ಏನಂದ್ರು?” ಅಷ್ಟೇ. ಅದರಲ್ಲೇ ಎಲ್ಲ ಸಾಗಿತ್ತು. ಮೊದಲ ಅಲೆ ಇಳಿದು ಕಚೇರಿ ತೆರೆದಾಗ ಈ ಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ದೂರ ದೂರ ಗುಂಡನೆಯ ಗುರುತು ಹಾಕಿದ್ದರು, ಒಂದು ಗುರುತಿಗೆ ಒಬ್ಬರು. ಹಾಗೆ ಹಾಕಬೇಕೆಂಬ ಸುದ್ದಿ ಬರೆದವಳೂ ಅವಳೇ. ಅವತ್ತು ಅವನು ಒಂದು ಗುರುತಿನಲ್ಲಿ, ಅವಳು ಇನ್ನೊಂದರಲ್ಲಿ ಕೂತು, ಸ್ವಲ್ಪ ಹೊತ್ತು ಕಾದು, ತಮ್ಮ ತಮ್ಮ ಬುತ್ತಿ ತಾವೇ ಬಿಚ್ಚಿದರು. ಅವಳಿಗೆ ತನ್ನ ಮನೆಯ ಪುಂಡಿಪಲ್ಯದ ರುಚಿಯೇ ಮರೆತುಹೋಗಿತ್ತು. ಇಷ್ಟು ಹುಳಿ ಅವನು ದಿನಾ ಹೇಗೆ ಉಣ್ಣುತ್ತಿದ್ದ ಎಂದುಕೊಂಡಳು.

ಎರಡನೆಯ ಅಲೆ ಬಂದಾಗ ಮತ್ತೆ ಎಲ್ಲ ಮುಚ್ಚಿತು, ಅವನು ಡಂಬಳಕ್ಕೆ ಹೋದ. ಇವರು ಇದೇ ಮೇಜಿನ ಮೇಲೆ ಫೋನಿಟ್ಟುಕೊಂಡು ಸಿಬ್ಬಂದಿಯನ್ನು ವಿಚಾರಿಸುವ ಕೆಲಸ ಶುರುಮಾಡಿದರು. ಯಾರಾದರೂ ಆರಾಮಿಲ್ಲ ಅಂದರೆ ವಿಶ್ವವಿದ್ಯಾಲಯದ ಗಾಡಿ ಅವರ ಊರಿಗೆ ಹೋಗಿ ದವಾಖಾನೆಗೆ ಮುಟ್ಟಿಸಬೇಕು. ಒಳ್ಳೆಯ ಏರ್ಪಾಡು, ಜಿಲ್ಲೆಯಲ್ಲೆಲ್ಲ ಹೊಗಳಿದರು. ಆದರೆ ಗಾಡಿ ಕೇಳುವಷ್ಟು ಬಾಯಿ ಯಾರಿಗಿತ್ತು? ವಿಶಾಲನ ಸರದಿ ಬಂದ ದಿನ ಬಿಸಿಲು ಜೋರಾಗಿತ್ತು, ಪುಂಡಲೀಕಪ್ಪ ತೂಕಡಿಸುತ್ತಿದ್ದ. ಅವಳು ದನಿಯನ್ನು ಕಚೇರಿಯದು ಮಾಡಿಕೊಂಡು, ಎಲ್ಲರಿಗೂ ಓದಿದ್ದನ್ನೇ ಓದಿದಳು. “ವಿಶ್ವವಿದ್ಯಾಲಯದಿಂದ ಮಾತಾಡ್ತಿರೋದು. ನೀವು ಆರಾಮ ಇದ್ದೀರಾ?” ಅವನಿಗೆ ಸ್ಪೀಕರಿನ ಗುಂಯ್ ಎಂಬ ಸದ್ದು ಕೇಳಿಸಿತೋ, ಅವಳ ದನಿಯೇ ಸಾಕಾಯಿತೋ. “ಆರಾಮ,” ಅಂದ. ಆಮೇಲೆ ಸಂದು. ಆ ಸಂದಿನಲ್ಲಿ ಅವನು ಉಸಿರನ್ನು ಹುಡುಕಿ ತಂದದ್ದು ಅವಳಿಗೆ ಕೇಳಿಸಿತು. “ಅದೀನ್ರಿ ಮೇಡಮ್ಮಾರ.” ಪುಂಡಲೀಕಪ್ಪ ಎಚ್ಚೆತ್ತು ಬರೆದುಕೊಂಡ, ಮುಂದಿನ ನಂಬರು ಒತ್ತಿದ. ಸಂಜೆ ನನ್ನ ಫೋನಿನಿಂದ ನಾನೇ ಮಾಡುತ್ತೇನೆ ಎಂದುಕೊಂಡಳು. ಸಂಜೆ ಫೋನ್ ಕೈಯಲ್ಲಿ ಹಿಡಿದು ಕೂತಳು ಕೂಡ. ಪಡಸಾಲೆಯ ಹೊರಗೆ ಅವರಿಬ್ಬರಿಗೂ ಮಾತೇ ಇರಲಿಲ್ಲ. ಬುತ್ತಿ ಇಲ್ಲದೆ ಏನೆಂದು ಶುರುಮಾಡುವುದು? ಅವನ ಅವ್ವ ಎತ್ತಿದರೆ ಯಾರು ಎಂದು ಹೇಳುವುದು? ನಾಳೆ ಮಾಡಿದರಾಯಿತು ಎಂದು ಇಟ್ಟುಬಿಟ್ಟಳು. ಅವತ್ತಿನ ವಾರ್ತೆಯ ಕೊನೆಯ ಸಾಲನ್ನು ಮಾತ್ರ ತಪ್ಪದೆ ಬರೆದು ಕಳಿಸಿದಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾಗುವುದು ಕೆಲವು ಸಲ ಬೇರೆಯವರ ಮನೆ.

ತಬಸ್ಸುಮಳ ಅಬ್ಬಾ ಮಲಂಗಸಾಬ ಲಕ್ಷ್ಮೇಶ್ವರದ ಪೇಟೆಯಲ್ಲಿ ಜೋಳದ ವ್ಯಾಪಾರ ಮಾಡಿದವನು. ಕೊನೆಯ ದಿನಗಳಲ್ಲಿ ಮಂಚ ಬಿಟ್ಟು ಏಳಲಾರದೆ ಇದ್ದಾಗಲೂ ಪೇಟೆಯವರು ನೋಡಲು ಬಂದರೆ ರುಮಾಲು ಕೇಳಿ ಸುತ್ತಿಸಿಕೊಂಡು, “ಆರಾಮ ಅದೀನ್ರಿ ಸಾವಕಾರ್ರ, ಮಳಿ ಹೆಂಗ ನಿಮ್ಮ ಕಡೆ?” ಎನ್ನುತ್ತಿದ್ದ. ಅವರು ಹೋದಮೇಲೆ ಗೋಡೆಯ ಕಡೆ ಹೊರಳುತ್ತಿದ್ದ. ಒಂದು ದಿನ ಅವಳು ತಾನಾಗಿ ಕೇಳದೆ, ಬರಿದೆ ಕಾಲೊತ್ತುತ್ತ ಕೂತಿದ್ದಾಗ, “ಬ್ಯಾನಿ ಆಕ್ಕೈತಿ ಬೇಟಾ, ಭಾಳ,” ಎಂದಿದ್ದ. ಅವನು ಸತ್ತಮೇಲೆ ಅವಳು ಮತ್ತೆ ಮತ್ತೆ ನೆನೆಸಿಕೊಂಡದ್ದು ಆ ಮಾತನ್ನೇ. ಇಡೀ ಪೇಟೆಗೆ ಹೇಳದ್ದನ್ನು ನನಗೆ ಹೇಳಿದ ಎಂಬ ಹೆಮ್ಮೆಯಂಥದೊಂದು ದುಃಖದ ಅಡಿಯಲ್ಲಿ ಉಳಿದುಬಿಟ್ಟಿತ್ತು. ವಿಶಾಲ ಹೇಳಲಿಲ್ಲ. ಪೇಟೆಯವರಿಗೆ ಕೊಟ್ಟದ್ದನ್ನೇ ಅವಳಿಗೂ ಕೊಟ್ಟ. ಕೊಡದೆ ಏನು ಮಾಡಿಯಾನು, ಅವಳು ಕೇಳಿದ್ದೂ ಪೇಟೆಯವಳ ಹಾಗೆಯೇ ತಾನೆ?

ಅವನನ್ನು ಸಾವಂತ್ರೆವ್ವ ಉಳ್ಳಾಗಡ್ಡಿ ಹೇರಿಕೊಂಡು ಬರುತ್ತಿದ್ದ ಟೆಂಪೋದಲ್ಲಿ ಚೀಲಗಳ ನಡುವೆ ಕೂರಿಸಿಕೊಂಡು ದವಾಖಾನೆಗೆ ತಂದಳೆಂದು ಆಮೇಲೆ ತಿಳಿಯಿತು. ವಿಶ್ವವಿದ್ಯಾಲಯದ ಗಾಡಿ ಅವತ್ತು ಇಲ್ಲಿ ಬೇವಿನ ಗಿಡದ ಕೆಳಗೆ ನಿಂತಿತ್ತು. ತುಂಬ ದಿನ ಆಕ್ಸಿಜನ್ನಿನ ಮೇಲೆ ಇದ್ದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವಳು ಬೆಟಗೇರಿಯ ಮನೆಯಿಂದ ದವಾಖಾನೆಯ ಗೇಟಿನವರೆಗೆ ನಡೆದು ಹೋಗಿ, ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಬಳಿ ನಿಂತು, ಯಾವ ಕಿಟಕಿ ಎಂದು ಗೊತ್ತಿಲ್ಲದೆ ಎಲ್ಲ ಕಿಟಕಿ ನೋಡಿ ತಿರುಗಿ ಬರುತ್ತಿದ್ದಳು. ಪೊಲೀಸನೊಬ್ಬ, ಯಾರ ಅದಾರ ಒಳಗ ಎಂದು ಕೇಳಿದ್ದಕ್ಕೆ ಹೇಳಲು ಒಂದು ಸಂಬಂಧದ ಹೆಸರು ಸಿಗದೆ, ಯಾರೂ ಇಲ್ರಿ ಅಂದುಬಿಟ್ಟಿದ್ದಳು. ವಾರ್ತೆಯಲ್ಲಿ ‘ಗ್ರಂಥಾಲಯದ ಸಿಬ್ಬಂದಿಯೊಬ್ಬರು ಚಿಕಿತ್ಸೆ ಪಡೆಯುತ್ತಿದ್ದಾರೆ’ ಎಂದು ಬರೆದಳು. ರೋಗಿಯ ಹೆಸರು ಹಾಕಬಾರದೆಂದು ನಿಯಮ. ಒಬ್ಬರು ಎಂಬ ಶಬ್ದವನ್ನು ಅವಳು ಅಷ್ಟು ಹೊತ್ತು ನೋಡುತ್ತ ಕೂತದ್ದು ಅದೇ ಮೊದಲು. ಆ ಸಂಜೆಯಿಂದಲೇ ಕೊನೆಯ ಸಾಲು ನಿಂತದ್ದು. ಅವನು ಬದುಕಿದ, ಊರಿಗೆ ಹೋದ. ಅವನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಮಾಡಿದರೆ ಮೊದಲು ಕೇಳಬೇಕಾದದ್ದು ಅದನ್ನೇ, ಅದನ್ನು ಕೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಬುತ್ತಿಯ ಗಂಟಿನ ಮೇಲೆ ಕೈಯಿಟ್ಟು ಕೂತವಳು ಬಿಚ್ಚದೆ ಎದ್ದಳು. ಹಸಿವಿರಲಿಲ್ಲ ಎಂದಲ್ಲ, ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವನ ದನಿ ಕೇಳುತ್ತದೆ. ಆ ದನಿ ಕೇಳಬೇಕೆಂದು ಎಷ್ಟು ದಿನದಿಂದ ಜೀವ ಹಂಬಲಿಸಿದೆಯೆಂದು ಅವಳಿಗೆ ಈಗ ತಿಳಿಯಿತು. ಗ್ರಂಥಾಲಯದ ಕಿಟಕಿಯಾಚೆ ಅವನ ಖಾಲಿ ಕುರ್ಚಿಯ ಬೆನ್ನು ಕಂಡರೂ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಆ ದನಿ ಮತ್ತೆ ‘ಆರಾಮ ಅದೀನ್ರಿ ಮೇಡಮ್ಮಾರ’ ಎಂದರೆ? ಅಂದರೆ ಮುಗಿಯಿತು. ಅವನು ಸೋಮವಾರ ಬರಬಹುದು, ಕಟ್ಟೆಯ ಮೇಲೆ ಎದುರಿನ ಗುರುತಿನಲ್ಲಿ ಕೂರಲೂಬಹುದು. ಅವಳು ಮಾತ್ರ ಅವನಿಗೆ ಕಚೇರಿಯವಳಾಗಿ ಉಳಿಯುತ್ತಾಳೆ, ಅವನು ನೀರು ಕೊಟ್ಟು ಬಾಗಿಲಿಂದಲೇ ಕಳಿಸುವ ಮಂದಿಯಲ್ಲಿ ಒಬ್ಬಳು. ಅವನು ಬಯ್ದರೂ ಆದೀತು, ಯಾಕ್ರಿ ಗಾಡಿ ಕಳಸಲಿಲ್ಲ ಎಂದು ಕೇಳಿದರೂ ಆದೀತು, ಆ ಒಂದು ಮಾತು ಬೇಡ.

ಅವಳು ಬಂದು ಕೂತಾಗ ಪುಂಡಲೀಕಪ್ಪ ಗಡಿಯಾರ ನೋಡಲಿಲ್ಲ, ಬುತ್ತಿಯನ್ನು ನೋಡಿದ. “ಉಂಡಿಲ್ಲೇನ್ರಿ?” ಆಮೇಲೆ ಉಣ್ತೀನಿ ಅಂದಳು. ನಂಬರು ಒತ್ತಿದಳು. ಸ್ಪೀಕರ್ ಆರಿಸಿದರೆ ಇವನು ಏನಂದುಕೊಂಡಾನು ಎಂದು ಬೆರಳು ಒಂದು ಕ್ಷಣ ತಡೆಯಿತು, ಕೊನೆಗೆ ಆರಿಸಲಿಲ್ಲ. ಆ ಕಡೆ ಫೋನ್ ಎತ್ತಿದ್ದು ಹೆಂಗಸಿನ ದನಿ.

“ಯಾರ್ರಿ?”

“ಯುನಿವರ್ಸಿಟಿಯಿಂದ್ರಿ. ನಾ ತಬಸ್ಸುಮ ಅಂತ.”

“ಯಾರು, ಪುಂಡಿಪಲ್ಯದ ತಬಸ್ಸುಮ?” ಎಂದಳು ಸಾವಂತ್ರೆವ್ವ.

ಪುಂಡಲೀಕಪ್ಪನ ಪೆನ್ನು ಅಲುಗಲಿಲ್ಲ. ತಬಸ್ಸುಮಳಿಗೆ ಕಿವಿ ಬಿಸಿಯಾಯಿತು. ಅವಳಿಗೆ ಆ ಮನೆಯಲ್ಲಿ ಒಂದು ಹೆಸರಿದೆ, ಅದು ಅವಳಿಗೆ ಇಷ್ಟು ದಿನ ಗೊತ್ತಿರಲಿಲ್ಲ. “ಹೌದ್ರಿ ಅಮ್ಮಾರ, ಆಕೀನ,” ಅಂದಳು. “ಸರ ಹೆಂಗ ಅದಾರ್ರಿ?”

“ಆರಾಮ ಅದಾನವ್ವಾ. ಆರಾಮ ಅದಾನ. ಏನೂ ಚಿಂತಿ ಮಾಡಬ್ಯಾಡ.”

ಪುಂಡಲೀಕಪ್ಪ ಬರೆಯತೊಡಗಿದ. ಅವಳು ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಇಷ್ಟೇ, ಅವನ ದನಿಯೂ ಕೇಳಲಿಲ್ಲ, ಮಾತೂ ಬದಲಾಗಲಿಲ್ಲ. ಇನ್ನು ಸೋಮವಾರದ ಪ್ರಶ್ನೆ ಕೇಳಿ ಫೋನ್ ಇಟ್ಟರೆ ವಾರ್ತೆ ಪೂರ್ತಿಯಾಗುತ್ತದೆ. ಅಷ್ಟರಲ್ಲಿ ಆ ಕಡೆ, ಒಳಗಿನ ಕೋಣೆಯಿಂದಿರಬೇಕು, ಇನ್ನೊಂದು ದನಿ ಬಂತು. ತೆಳ್ಳಗಾಗಿತ್ತು, ಆದರೂ ಅದೇ.

“ಯಾರಬೇ ಅದು?”

“ಯುನಿವರ್ಸಿಟಿಯಾಕಿ, ತಬಸ್ಸುಮ. ಆರಾಮ ಅದಾನ ಅಂತ ಹೇಳೇನಿ.”

ಚಪ್ಪಲಿ ಎಳೆಯುವ ಸದ್ದು, ನಿಂತ ಸದ್ದು, ಮತ್ತೆ ಎಳೆಯುವ ಸದ್ದು. “ಆಕಿಗ್ಯಾಕ ಹಂಗ ಹೇಳಿದಿ? ಕೊಡಿಲ್ಲೆ,” ಅಂದ. ಆಮೇಲೆ ಹತ್ತಿರದಿಂದ, “ಮೇಡಮ್ಮಾರ.”

ಅವಳು ಹ್ಞೂಂ ಎಂದಳೋ ಇಲ್ಲವೋ.

“ಆರಾಮ,” ಅಂದ ಅವನು. ಮತ್ತೆ ಅದೇ ಸಂದು. ಈ ಸಲ ಅವಳು ಅಲ್ಲಿಯೇ ನಿಂತು ಕಾದಳು, ಅವನು ಉಸಿರು ತರುವವರೆಗೆ. “ಇಲ್ರಿ ನಾ. ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತಿ. ನಿದ್ದಿ ಬರವಲ್ದು. ಸೋಮವಾರ ಬರಾಕ ಆಗಂಗಿಲ್ಲ.” ಸ್ವಲ್ಪ ತಡೆದು ಅಂದ, “ಅವತ್ತೂ ಆರಾಮ ಇರ್ಲಿಲ್ರಿ.”

“ಗೊತ್ತಿತ್ರಿ,” ಅಂದಳು. “ಕೇಳಿಸಿತ್ತು ನನಗ.”

ಅವನು ಆ ಮಾತನ್ನು ಇಟ್ಟುಕೊಂಡ. ಅವನಿಗೆ ನೆಟ್ಟಗಿಲ್ಲ, ನಡೆಯಲಾಗುವುದಿಲ್ಲ, ಅದನ್ನು ಕೇಳಿ ಅವಳಿಗೆ ಸಂತೋಷವಾಗುತ್ತಿತ್ತು. ಇದೆಂಥ ಸಂತೋಷ ಎಂದು ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದರೂ ಅದು ಕಡಿಮೆಯಾಗಲಿಲ್ಲ. ಕಣ್ಣು ತುಂಬಿ ಎದುರಿನ ಕಾಗದ ಕಾಣದಾಯಿತು. ಪುಂಡಲೀಕಪ್ಪ ತಾನು ಬರೆದದ್ದರ ಮೇಲೆ ಗೀಟು ಎಳೆದ. ಪೆನ್ನಿಗೆ ಮುಚ್ಚಳ ಹಾಕಿದ. “ನಾ ಚಾ ಹೇಳಿ ಬರ್ತೀನ್ರಿ,” ಎಂದು ಯಾರಿಗೋ ಅನ್ನುವ ಹಾಗೆ ಅಂದು ಎದ್ದು, ಹೋಗುವಾಗ ಬಾಗಿಲು ಎಳೆದುಕೊಂಡು ಹೋದ. ಚಹಾ ತರುವ ಕ್ಯಾಂಟೀನು ಮುಚ್ಚಿ ತಿಂಗಳುಗಳಾಗಿದ್ದವು.

“ಅದೀರೇನ್ರಿ?” ಅಂದ ವಿಶಾಲ.

“ಅದೀನಿ.”

“ನೀವು ಹೆಂಗ ಅದೀರಿ?”

“ಆರಾ,” ಎಂದಿತು ಅವಳ ನಾಲಿಗೆ, ಹುಟ್ಟಿದಾಗಿನಿಂದ ಕಲಿತದ್ದು, ಅಮೀನಬಿಗೆ ಅಂದದ್ದು, ಊರಿಗೆಲ್ಲ ಅನ್ನುತ್ತ ಬಂದದ್ದು. ಅಲ್ಲಿಗೇ ಹಿಡಿದು ನಿಲ್ಲಿಸಿದಳು. ಆ ಕಡೆ ಡಂಬಳದಲ್ಲಿ ಅವನು ಕಾಯುತ್ತಿದ್ದ, ಕಾಯುತ್ತಿದ್ದಾನೆಂದು ಉಸಿರಿನಲ್ಲೇ ತಿಳಿಯುತ್ತಿತ್ತು.

“ಇಲ್ರಿ,” ಅಂದಳು ತಬಸ್ಸುಮ. “ನಾನೂ ಆರಾಮ ಇಲ್ಲ.”